ಮೂಗು ಹೇಳಿದ್ದು

ಚಳಿಗಾಲ ಹೊಸಿಲ ಹತ್ತಿರ ಬಂದು, ಒಳಗೆ ಕಾಲಿಡಲೋ ಬೇಡವೋ ಎಂದು ನಿಂತಿದ್ದ ದಿನಗಳು. ಬೆಳಗಿನ ಹೊತ್ತು. ಬಣ್ಣ ಹಾಕುವ ಮನೆಯ ದೊಡ್ಡ ಒಲೆಗೆ ಬೆಂಕಿ ಬಿದ್ದಿತ್ತು, ಕೊಪ್ಪರಿಗೆಯ ನೀರು ಇನ್ನೂ ಬೆಚ್ಚಗಾಗಿರಲಿಲ್ಲ. ಅಜ್ಜಿ ಉಣ್ಣೆ ನೂಲಿನ ಲಡಿಗಳನ್ನು ಒಂದೊಂದಾಗಿ ಕೋಲಿಗೆ ಸಿಕ್ಕಿಸುತ್ತಾ ಕೂತಿದ್ದಳು. ಮೊಮ್ಮಗಳು ಹಿಂದಿನಿಂದ ಬಂದು ಅವಳ ಬೆನ್ನಿಗೆ ಕೆನ್ನೆ ಒತ್ತಿ ನಿಂತಳು. ದಿನಾ ಹಾಗೆ ಬಂದರೆ ಬೆನ್ನಿಗೊಂದು ಗುದ್ದು ಕೊಟ್ಟು ಓಡಿಹೋಗುವ ಹುಡುಗಿ ಅವತ್ತು ಓಡಲಿಲ್ಲ. ಕೆನ್ನೆಯ ಕಾವು ಅಜ್ಜಿಯ ಎರಡು ಪದರ ಬಟ್ಟೆ ದಾಟಿ ಮೈಗೆ ತಾಗಿತು.

"ಒಲೆ ಮುಂದೆ ಇದೆ, ಕಾವು ಹಿಂದಿನಿಂದ ಬರ್ತಿದೆಯಲ್ಲ, ಇದೇನು ಕಥೆ?" ಎಂದು ಅಜ್ಜಿ ತಿರುಗಿ ಹಣೆ ಮುಟ್ಟಿ ನೋಡಿದಳು. ನೋಡಿದವಳೇ ಲಡಿಗಳನ್ನು ಪಕ್ಕಕ್ಕಿಟ್ಟಳು. "ಬನ್ನಿ ಇಲ್ಲಿ!" ಎಂದು ಗಂಡನನ್ನು ಕೂಗಿದಳು. "ಚಿಟಿಕೆಗೆ ಮೈ ಸುಡ್ತಿದೆ."

ಚಿಟಿಕೆ ಅನ್ನುವುದು ಅಜ್ಜ ಇಟ್ಟ ಹೆಸರು. ಹುಟ್ಟಿದಾಗ ಮಗು ಅಂಗೈಯಗಲ ಇತ್ತು. ಅಜ್ಜ ಬಗ್ಗಿ ನೋಡಿ, "ಚಿಟಿಕೆ ಬಣ್ಣದಷ್ಟಿದೆ, ಆದರೆ ನೋಡ್ತಿರಿ, ಕೊಪ್ಪರಿಗೆಯನ್ನೆಲ್ಲಾ ತನ್ನದು ಮಾಡ್ಕೊಳ್ಳುತ್ತೆ" ಅಂದಿದ್ದ. ಅವನ ಮಾತು ಸುಳ್ಳಾಗಲಿಲ್ಲ. ಈಗ ಅದಕ್ಕೆ ಮೂರು ತುಂಬುತ್ತಾ ಬಂದಿತ್ತು, ಮನೆಯಲ್ಲಿ ಅದು ಮುಟ್ಟದ ಪಾತ್ರೆ ಇರಲಿಲ್ಲ.

ಮಗು ಅಜ್ಜಿಮನೆಗೆ ಬಂದದ್ದಕ್ಕೆ ಕಾರಣ ಇತ್ತು. ಅದರ ತಾಯಿಗೆ, ಅಂದರೆ ಅಜ್ಜಿಯ ಮಗಳಿಗೆ, ಎರಡನೇ ಹೆರಿಗೆಯ ಸಮಯ. ಏಳಬಾರದು, ನಡೆಯಬಾರದು ಎಂದು ಊರಿನ ಆಚೆ ತುದಿಯ ದೊಡ್ಡ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಅಳಿಯ ಹಗಲೆಲ್ಲಾ ಬಸ್ಸು ಓಡಿಸಿ, ಸಂಜೆ ಹೋಗಿ ಅವಳ ಹತ್ತಿರ ಕೂರುತ್ತಿದ್ದ. ಮಗುವನ್ನು ಬಿಟ್ಟುಹೋಗುವ ದಿನ ಮಗಳು ಹೊಟ್ಟೆ ಹಿಡಿದುಕೊಂಡೇ ನಕ್ಕು, "ಅಮ್ಮಾ, ಹೇಗೆ ಕೊಟ್ಟಿದೀನೋ ಹಾಗೇ ವಾಪಸ್ ಕೊಡಬೇಕು. ಒಂದು ಕೂದಲು ಕೊಂಕಿದರೂ ಜಗಳ" ಅಂದಿದ್ದಳು. ನಕ್ಕೇ ಹೇಳಿದ್ದಳು. ಆದರೂ ಆ ಮಾತು ಅಜ್ಜಿಯ ಎದೆಯಲ್ಲಿ ಮುಳ್ಳಿನ ಹಾಗೆ ನಿಂತಿತ್ತು. ಬೇರೆಯವರ ಮಡಕೆಯನ್ನು ತಲೆ ಮೇಲೆ ಹೊತ್ತವಳು ಬೀದಿಯಲ್ಲಿ ಹೇಗೆ ನಡೆಯುತ್ತಾಳೋ ಹಾಗೆ ಅವಳು ಆ ಮನೆಯೊಳಗೆ ಓಡಾಡುತ್ತಿದ್ದಳು.

ಅಜ್ಜ ಬಂದ, ಮೊಣಕೈ ಹಿಂಭಾಗದಿಂದ ಮಗುವಿನ ಕುತ್ತಿಗೆ ಮುಟ್ಟಿದ. ಕುದಿವ ಬಣ್ಣದಲ್ಲಿ ಆಡಿ ಆಡಿ ಅವನ ಅಂಗೈಗೆ ಬಿಸಿ ತಂಪು ತಿಳಿಯುವುದು ನಿಂತು ಎಷ್ಟೋ ಕಾಲವಾಗಿತ್ತು.

"ಡಾಕ್ಟರ ಹತ್ತಿರ ಹೋಗೋಣ" ಅಂದ. "ಆದರೆ ಒಂದು ಮಾತು. ಸುಮ್ಮನೆ ಔಷಧಿ ಈಸ್ಕೊಂಡು ಬರೋದಲ್ಲ. ಮೊದಲು ಚೂರು ಅದ್ದಿ ನೋಡಬೇಕು."

ಈ ಮಾತಿನ ಅರ್ಥ ತಿಳಿಯಬೇಕಾದರೆ ಅವನ ಕೆಲಸ ತಿಳಿದಿರಬೇಕು. ಗಿರಾಕಿ ಬಂದು ಇಂಥ ಬಣ್ಣ ಬೇಕು ಅಂದರೆ ಅಜ್ಜ ಇಡೀ ನೂಲನ್ನು ಎಂದೂ ಬಣ್ಣಕ್ಕೆ ಇಳಿಸಿದವನಲ್ಲ. ಬೆರಳುದ್ದ ನೂಲು ಕತ್ತರಿಸಿ, ಸಣ್ಣ ಪಾತ್ರೆಯಲ್ಲಿ ಅದ್ದಿ, ಒಣಗಿಸಿ, ಬಿಸಿಲಿಗೆ ಹಿಡಿದು ತೋರಿಸುವನು. ಗಿರಾಕಿ ಹೂಂ ಅಂದನೋ, ಆ ಚೂರಿಗೆ ಒಂದು ಗಂಟು ಹಾಕಿ ಗೋಡೆಯ ಮೊಳೆಗೆ ತೂಗುಬಿಡುವನು. ಗಂಟು ಬಿತ್ತು ಅಂದರೆ ಮುಗಿಯಿತು. ಆಮೇಲೆ ಯಾರೂ ಸೊಲ್ಲೆತ್ತುವ ಹಾಗಿಲ್ಲ; ಬಣ್ಣ ಹೆಚ್ಚಾಯಿತು, ಕಡಿಮೆಯಾಯಿತು, ಲಡಿ ಎತ್ತಿ ನೋಡೋಣ, ಇವೆಲ್ಲಾ ನಡೆಯುವುದಿಲ್ಲ. ನಡುವೆ ಎತ್ತಿದ ನೂಲಿಗೆ ಗಾಳಿ ತಾಗಿ ಪಟ್ಟೆ ಪಟ್ಟೆಯಾಗುತ್ತದೆ. ಬೀದಿಯವರು ಅವನನ್ನು ಗಂಟಪ್ಪ ಅಂತಲೇ ಕರೆಯುತ್ತಿದ್ದರು. ಅಜ್ಜಿ ಮದುವೆಯಾಗಿ ಬಂದ ದಿನದಿಂದ ಗಂಟಿಗೆ ತಲೆಬಾಗಿ ಲಡಿ ತಿರುಗಿಸಿದವಳು.

ಮಕ್ಕಳ ಡಾಕ್ಟರಮ್ಮನ ಕ್ಲಿನಿಕ್ಕು ಎರಡು ಬೀದಿ ಆಚೆ, ಮೊದಲ ಮಹಡಿಯಲ್ಲಿ. ಗೋಡೆ ಮೇಲೆ ಜಿರಾಫೆಯ ಚಿತ್ರ, ಅದರ ಕುತ್ತಿಗೆಯುದ್ದಕ್ಕೂ ಎತ್ತರ ಅಳೆಯುವ ಗೆರೆಗಳು. ಡಾಕ್ಟರಮ್ಮ ಮಗುವಿನ ಗಂಟಲು, ಕಿವಿ ನೋಡಿದರು. ಎದೆಗೆ ಕೊಳವೆ ಇಟ್ಟು ಕೇಳಿದರು. ಅಂಗಿ ಎತ್ತಿ ಪಕ್ಕೆಲುಬು ಒಳಗೆ ಸೆಳೆಯುತ್ತಿದೆಯೇ ಎಂದು ಸುಮ್ಮನೆ ನೋಡುತ್ತಾ ಕೂತರು.

"ಎದೆ ಚೆನ್ನಾಗಿದೆ, ಕಿವಿ ಚೆನ್ನಾಗಿದೆ. ಮೂಗು ಒಂಚೂರು ಸೋರ್ತಿದೆ, ಅಷ್ಟೆ. ಜ್ವರಕ್ಕೆ ಔಷಧಿ ಬರೀತೀನಿ. ನೀರು ಕುಡಿಸ್ತಾ ಇರಿ. ಬಹುಶಃ ಯಾವುದೋ ವೈರಸ್ಸು."

"ಬಹುಶಃ ಅನ್ನೋ ಬಣ್ಣ ನಮ್ಮಲ್ಲಿ ಇಲ್ಲ ತಾಯಿ" ಅಂದ ಅಜ್ಜ. "ಪರೀಕ್ಷೆ ಮಾಡಿ ಹೇಳಿ."

ಡಾಕ್ಟರಮ್ಮ ನಕ್ಕರು. "ಮಾಡಬಹುದು ಅಜ್ಜಾ. ಮೂಗಿಗೆ ಕಡ್ಡಿ ಹಾಕಿ ತೆಗೆದರೆ ಸ್ವಲ್ಪ ಹೊತ್ತಲ್ಲೇ ಗೊತ್ತಾಗುತ್ತೆ. ಆದರೆ ಯಾವ ಹೆಸರು ಬಂದರೂ ನಾನು ಕೊಡೋದು ಹೆಚ್ಚುಕಡಿಮೆ ಇದೇ ಔಷಧಿ, ಹೇಳೋದು ಇದೇ ಮಾತು. ಸುಮ್ಮನೆ ಮಗು ಮೂಗಿಗೆ ಯಾಕೆ ಕಡ್ಡಿ?"

ಅಜ್ಜಿ ನಡುವೆ ಬಾಯಿ ಹಾಕಿದಳು: "ಭಾನುವಾರ ಇವಳಮ್ಮನ್ನ ನೋಡೋಕೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀವಿ ಅಂದಿದ್ವಿ. ಹೆರಿಗೆ ವಾರ್ಡು. ದಿನಾ ಬೆಳಗ್ಗೆ ಎದ್ದು, ಇವತ್ತು ಭಾನುವಾರಾನಾ ಅಂತ ಕೇಳುತ್ತೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹೀಗೆ ಹೇಳಿ ಮತ್ತೆ. ಹಾಗಾದರೆ ಪರೀಕ್ಷೆಯಿಂದ ಉಪಯೋಗ ಇದೆ. ಕೆಲವು ವೈರಸ್ಸು ಇವಳಿಗೆ ಬರೀ ನೆಗಡಿ, ಆದರೆ ಆಗತಾನೇ ಹುಟ್ಟಿದ ಕೂಸಿಗೆ ಉಸಿರು ಕಟ್ಟಿಸೋ ಅಂಥವು. ಅದಕ್ಕೋಸ್ಕರ ನೋಡೋಣ. ಅದಕ್ಕೆ ಮಾತ್ರ. ತಿಳೀತಾ? ಜ್ವರ ಮೂರು ದಿನ ದಾಟಿದರೆ, ಇಲ್ಲಾ ಹೋಗಿದ್ದು ಮತ್ತೆ ಬಂದರೆ, ಚೀಟಿಲಿ ಏನೇ ಬರೆದಿರಲಿ, ಇಲ್ಲಿಗೆ ವಾಪಸ್ ಬರಬೇಕು."

"ಆಗಲಿ" ಅಂದ ಅಜ್ಜ. ಅವನ ಕಣ್ಣು ಆಗಲೇ ಕಡ್ಡಿಯ ಮೇಲಿತ್ತು. ಕಣ್ಣು ಒಂದು ಕಡೆ ಇದ್ದಾಗ ಕಿವಿ ಎಷ್ಟು ಕೇಳಿಸಿಕೊಂಡೀತು?

ಕಡ್ಡಿ ಮೂಗಿಗೆ ಹೋದದ್ದೇ ಚಿಟಿಕೆ ಡಾಕ್ಟರಮ್ಮನ ಕನ್ನಡಕದ ಮೇಲೆ ಸರಿಯಾಗಿ ಸೀನಿದಳು. ಆಮೇಲೆ ಅತ್ತಳು. ಅಳು ಮುಗಿಸಿ, "ನನ್ನ ಮೂಗಲ್ಲಿ ಏನಿತ್ತು? ತೋರ್ಸು" ಅಂತ ಹಟ ಹಿಡಿದಳು. ಹೊರಗೆ ಬೆಂಚಿನ ಮೇಲೆ ಕೂತು ಕಾದರು. ಉತ್ತರ ಬಂತು: ವೈರಸ್ಸು ಹೌದು, ಇಂಥದ್ದು. ಹೆಸರು ಬಸ್ಸಿನಷ್ಟು ಉದ್ದ ಇತ್ತು. ಅಜ್ಜ ಅದನ್ನು ಚೀಟಿಯಲ್ಲಿ ಬರೆಸಿಕೊಂಡು ದಾರಿಯುದ್ದಕ್ಕೂ ತುಂಡು ತುಂಡು ಮಾಡಿ ಬಾಯಿಪಾಠ ಮಾಡಿದ. ಮನೆಗೆ ಬಂದವನೇ ಚೀಟಿಯನ್ನು ಸುರುಳಿ ಸುತ್ತಿ, ಬಿಳಿ ನೂಲಿನಲ್ಲಿ ಗಂಟು ಹಾಕಿ, ಶಾಲೆಯೊಂದರ ಸ್ವೆಟರಿಗೆ ಒಪ್ಪಿಕೊಂಡಿದ್ದ ನೀಲಿ ಚೂರಿನ ಪಕ್ಕ ಮೊಳೆಗೆ ನೇತುಹಾಕಿದ.

"ಇನ್ನು ಚಿಂತೆ ಇಲ್ಲ. ಬಣ್ಣ ಗೊತ್ತಾಯ್ತು" ಅಂದ. ಅಜ್ಜಿಗೂ ಎದೆ ಹಗುರಾಯಿತು. ಹೆಸರಿಲ್ಲದ ಜ್ವರಕ್ಕಿಂತ ಹೆಸರಿರುವ ಜ್ವರ ಮೇಲಲ್ಲವೇ, ಕದ ತಟ್ಟಿದವನು ಯಾರೆಂದು ಗೊತ್ತಾದ ಹಾಗೆ.

ಆ ಚೀಟಿಯಿಂದ ಒಂದು ಒಳ್ಳೆಯದೂ ಆಯಿತು, ಅದನ್ನು ಮರೆಯಬಾರದು. ಪಕ್ಕದ ಗುಂಡಿ ಅಂಗಡಿಯವಳು ಮಾರನೇ ದಿನವೇ ಅರ್ಧ ತುಂಬಿದ ಔಷಧಿ ಶೀಸೆ ಹಿಡಿದು ಬಂದಳು. ಅಂಗಿ ಗುಂಡಿಗಳ ಜೊತೆ ಬೀದಿಗೆಲ್ಲಾ ಬುದ್ಧಿಯನ್ನೂ ಹಂಚುವವಳು ಅವಳು.

"ನನ್ನ ಮೊಮ್ಮಗನಿಗೆ ಕೊಟ್ಟಿದ್ದು. ಎರಡು ಚಮಚ ಹಾಕಿ ನೋಡು, ಜ್ವರ ಕಾಲಿಗೆ ಬುದ್ಧಿ ಹೇಳುತ್ತೆ."

"ಬೇಡಮ್ಮ. ಇದು ವೈರಸ್ಸು" ಅಂದ ಅಜ್ಜ. "ಈ ಔಷಧಿ ಅದಕ್ಕೆ ನಾಟೋದಿಲ್ಲ. ಪರೀಕ್ಷೆ ಮಾಡ್ಸಿದೀವಿ."

"ಓಹೋ, ಗಂಟು ಬಿತ್ತೋ! ಮೂಗಿಗೂ ಗಂಟು ಹಾಕಿದ ಮಹಾನುಭಾವ ನೀನೊಬ್ಬನೇ" ಎಂದು ಅವಳು ಶೀಸೆ ತಿರುಗಿಸಿಕೊಂಡು ಹೋದಳು.

ಭಾನುವಾರ ಬಂತು. ಆಸ್ಪತ್ರೆಗೆ ಹೋಗುವ ಹಾಗಿರಲಿಲ್ಲ. ಚಿಟಿಕೆ ಬೆಳಗ್ಗೆಯೇ ತನ್ನ ಕೆಂಪು ಬೂಟು ತಾನೇ ಹಾಕಿಕೊಂಡು, ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ, ಬಾಗಿಲಲ್ಲಿ ಕೂತಿದ್ದಳು. ಅಜ್ಜಿ ಫೋನು ಹಚ್ಚಿ ಮಗುವಿನ ಕಿವಿಗೆ ಹಿಡಿದಳು.

"ಅಮ್ಮಾ, ನನ್ನ ಮೂಗಲ್ಲಿ ಹುಳ ಇದೆಯಂತೆ. ಅದು ಹೋದ ಮೇಲೆ ಬರ್ತೀನಿ. ನೀನು ಎಲ್ಲೂ ಹೋಗ್ಬೇಡ."

"ಇಲ್ಲ ಬಂಗಾರ. ಇಲ್ಲೇ ಇರ್ತೀನಿ. ಎದ್ದು ನಿಲ್ಲೋಕೂ ಬಿಡಲ್ಲ ನನ್ನ" ಎಂದು ಮಗಳು ಆ ಕಡೆಯಿಂದ ಹೇಳಿದ್ದು ಅಜ್ಜಿಗೂ ಕೇಳಿಸಿತು. ಆಮೇಲೆ ಫೋನು ಅಜ್ಜನ ಕೈಗೆ ಹೋಯಿತು. "ಅಪ್ಪಾ, ಜ್ವರ ಹೇಗಿದೆ?"

"ಇಳೀತು ಮಗಳೇ. ನಿನ್ನೆ ಸಂಜೆಯಿಂದ ಬೆವರಿ ತಣ್ಣಗಿದಾಳೆ. ಪರೀಕ್ಷೆಲಿ ಗೊತ್ತಾಗಿದೆಯಲ್ಲ, ನೀನು ನಿಶ್ಚಿಂತೆಯಾಗಿರು."

ಮಗು ಬೂಟು ಬಿಚ್ಚಲು ಒಪ್ಪಲಿಲ್ಲ. ಬೂಟು ಹಾಕಿಕೊಂಡೇ ಹಾಲು ಕುಡಿದಳು, ಬೂಟು ಹಾಕಿಕೊಂಡೇ ನಿದ್ದೆ ಹೋದಳು. ನಿದ್ದೆ ಹತ್ತಿದ ಮೇಲೆ ಅಜ್ಜಿ ಮೆಲ್ಲಗೆ ಬಿಚ್ಚಿ, ಆ ಪುಟ್ಟ ಅಂಗಾಲನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ಕೂತಿದ್ದಳು. ಆಗ ಕಾಲು ತಣ್ಣಗಿತ್ತು.

ಇಳಿದ ಜ್ವರ ಸೋಮವಾರ ಮತ್ತೆ ಏರಿತು. ಈ ಸಲ ಜ್ವರದ ನಡೆಯೇ ಬೇರೆ. ಮೂಗು ಒಣಗಿತ್ತು, ಸೀನು ಇರಲಿಲ್ಲ, ಮೈ ಮಾತ್ರ ಗಡಗಡ ನಡುಗುತ್ತಿತ್ತು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟು ಎಷ್ಟೋ ತಿಂಗಳಾಗಿದ್ದ ಮಗು ಎರಡು ಸಲ ಹಾಸಿಗೆ ಒದ್ದೆ ಮಾಡಿತು. ಅಮ್ಮನ ನೆನಪಿಗೆ ಹೀಗಾಗಿರಬೇಕು ಅಂತ ಅಜ್ಜಿ ಮೊದಲು ಅಂದುಕೊಂಡಳು. ಆದರೆ ಬಚ್ಚಲಿಗೆ ಕರೆದೊಯ್ದರೆ ಮಗು ಕಾಲು ಕತ್ತರಿ ಹಾಕಿ ನಿಲ್ಲುತ್ತಿತ್ತು. "ಬೇಡ, ಉಚ್ಚೆ ಬೇಡ" ಅಂತ ಅವಳ ಕುತ್ತಿಗೆಗೆ ಜೋತುಬೀಳುತ್ತಿತ್ತು.

ಅಜ್ಜಿ ಬಂದು ಗಂಡನ ಹತ್ತಿರ ನಿಂತಳು. ಅವನು ಕೊಪ್ಪರಿಗೆಗೆ ನೀಲಿ ಕಲಸುತ್ತಿದ್ದ.

"ಏನೂಂದ್ರೆ, ಜ್ವರ ತಿರುಗಿ ಬಂದಿದೆ. ಮಗು ಯಾಕೋ ಉಚ್ಚೆ ಹೊಯ್ಯೋಕೆ ಅಳುತ್ತೆ."

"ಜ್ವರ ಬಂದಾಗ ಎಲ್ಲದಕ್ಕೂ ಅಳ್ತಾರೆ ಮಕ್ಕಳು."

"ಡಾಕ್ಟರಮ್ಮ ಏನೋ ಹೇಳಿದ್ದರಲ್ಲ, ಮತ್ತೆ ಬಂದರೆ ಬನ್ನಿ ಅಂತ."

"ಹೇಳಿದ್ದು ಪರೀಕ್ಷೆಗೆ ಮುಂಚೆ. ಆಮೇಲೆ ಪರೀಕ್ಷೆ ಆಯ್ತು, ಗೊತ್ತಾಯ್ತು." ಅವನು ಕೋಲಿನಿಂದ ಮೊಳೆಯ ಕಡೆ ತೋರಿಸಿದ. "ಗಂಟು ಬಿದ್ದಿದೆ ಮಾರಾಯ್ತಿ. ವೈರಸ್ಸು ಅಂದರೆ ತಾನಾಗೇ ಹೋಗಬೇಕು. ನಡುವೆ ಎತ್ತಿ ಎತ್ತಿ ನೋಡಿದರೆ ಆಗುತ್ತಾ?"

ಅವನು ಕೆಟ್ಟವನಲ್ಲ. ಆ ಬೆಳಗ್ಗೆ ಮಗುವಿಗೆ ನೀರು ಕುಡಿಸಲು ಬೆಕ್ಕಿನ ಹಾಗೆ, ನಾಯಿಯ ಹಾಗೆ, ಕೊನೆಗೆ ಕತ್ತೆಯ ಹಾಗೂ ಕೂಗಿದವನು ಅವನೇ. ಅವನು ಕಂಡ ಜಗತ್ತಿನಲ್ಲಿ ಚೂರು ಹೇಳಿದ್ದನ್ನು ಲಡಿ ಎಂದೂ ಸುಳ್ಳು ಮಾಡಿರಲಿಲ್ಲ, ಅಷ್ಟೆ. ಅಜ್ಜಿಯೂ ಅದೇ ಜಗತ್ತಿನವಳು. ಹೌದೇನೋ ಅಂದುಕೊಂಡು ಆ ದಿನ ಸುಮ್ಮನಾದಳು.

ಮಾರನೇ ಬೆಳಗ್ಗೆ ಶಾಲೆಯ ನೂಲು ಕೊಪ್ಪರಿಗೆಗೆ ಇಳಿಯಿತು. ಲಡಿಗಳು ಕೋಲುಗಳಿಂದ ನೀಲಿಗೆ ಇಳಿಬಿದ್ದಿದ್ದವು. ಇಳಿದ ಮೇಲೆ ಕೈ ನಿಲ್ಲಿಸುವ ಹಾಗಿಲ್ಲ. ಒಂದೊಂದು ಲಡಿಯನ್ನೂ ಸ್ವಲ್ಪ ಸ್ವಲ್ಪ ಸುತ್ತಿಸುತ್ತಾ ಈ ತುದಿಯಿಂದ ಆ ತುದಿಗೆ ಹೋಗಬೇಕು, ಮತ್ತೆ ಈ ತುದಿಗೆ ಬರಬೇಕು. ಎದುರುಬದುರು ಇಬ್ಬರು ಬೇಕು. ಆ ಕಡೆ ಅಜ್ಜ, ಈ ಕಡೆ ಅಜ್ಜಿ. ಮಗು ಬಾಗಿಲ ಹತ್ತಿರ ಚಾಪೆಯ ಮೇಲೆ ಮಲಗಿತ್ತು.

"ಅಜ್ಜೀ" ಅಂತು.

"ಹೂಂ ಪುಟ್ಟಾ?"

"ನಾನು ಜಾಣೆ ಆದರೆ ನೋವು ಹೋಗುತ್ತಾ?"

"ಎಲ್ಲಿ ನೋವು ಕಂದಾ?"

ಮಗು ಮೂಗು ಮುಟ್ಟಲಿಲ್ಲ, ಗಂಟಲು ಮುಟ್ಟಲಿಲ್ಲ. ಅಂಗೈಯನ್ನು ಕಿಬ್ಬೊಟ್ಟೆಯ ಮೇಲಿಟ್ಟುಕೊಂಡಿತು.

ಅಜ್ಜಿಯ ಕೈ ನಿಂತುಬಿಟ್ಟಿತು. ಮದುವೆಯಾದಂದಿನಿಂದ ಇಳಿದ ನೂಲಿನ ಮೇಲೆ ಅವಳ ಕೈ ನಿಂತದ್ದಿಲ್ಲ. ಮಗಳು ಹುಟ್ಟುವ ದಿನವೂ ನೋವು ತಿನ್ನುತ್ತಲೇ ಕೊನೆಯ ಲಡಿ ತಿರುಗಿಸಿ ಆಮೇಲೆ ಎದ್ದಿದ್ದಳು.

"ಕೈ! ಕೈ!" ಎಂದ ಅಜ್ಜ.

ಅಜ್ಜಿ ಏಪ್ರನ್ನು ಬಿಚ್ಚಿ ಎಸೆದಳು. "ನಾನು ಹೋಗ್ತೀನಿ."

"ಎಲ್ಲಿಗೆ? ನೂಲು ಇಳಿದಿದೆ ಕಣೇ!"

"ಇಳಿದಿರಲಿ. ಪಟ್ಟೆ ಬೀಳಲಿ, ಬೆಂಕಿ ಬೀಳಲಿ. ಮೂಗಿಗೆ ತಾನೇ ನೀವು ಗಂಟು ಹಾಕಿದ್ದು? ಮಗುಗೆ ನೋವಿರೋದು ಹೊಟ್ಟೆಲಿ. ಇದು ನನ್ನ ಮಗಳು ನನ್ನ ಕೈಗೆ ಕೊಟ್ಟ ಮಗು, ನಿಮ್ಮ ಮೊಳೆಗಲ್ಲ."

ಅಷ್ಟು ಉದ್ದದ ಮಾತನ್ನು ಅವಳು ಗಂಡನಿಗೆ ಒಂದೇ ಉಸಿರಿಗೆ ಹೇಳಿದ್ದು ಅದೇ ಮೊದಲು. ಮಗುವನ್ನು ಶಾಲಿನಲ್ಲಿ ಸುತ್ತಿ ಎತ್ತಿಕೊಂಡು ಬೀದಿಗಿಳಿದಳು. ಮೊಣಕಾಲು ನೋವಿನ ಹೆಂಗಸು. ಮಾರ್ಕೆಟ್ಟಿಗೆ ಹೋಗುವಾಗ ಎರಡು ಕಡೆ ಕೂತು ಎದ್ದು ಹೋಗುವವಳು. ಅವತ್ತು ಎಲ್ಲೂ ಕೂರಲಿಲ್ಲ. ಗುಂಡಿ ಅಂಗಡಿಯವಳು, "ಏನಾಯ್ತೇ?" ಎಂದು ಕೂಗಿದ್ದು ಬೆನ್ನ ಹಿಂದೆಯೇ ಉಳಿಯಿತು. ಮೊದಲ ಬೀದಿಯ ತಿರುವಿನಲ್ಲಿ ಹಿಂದಿನಿಂದ ದಪದಪ ಹೆಜ್ಜೆ ಕೇಳಿಸಿತು. ಅಜ್ಜ. ಏಪ್ರನ್ನೂ ಬಿಚ್ಚಿರಲಿಲ್ಲ, ಕೈಯೂ ಒರೆಸಿಕೊಂಡಿರಲಿಲ್ಲ. ಮೊಣಕೈವರೆಗೆ ನೀಲಿ ಸೋರುತ್ತಿತ್ತು. ಅವಳ ಪಕ್ಕಕ್ಕೆ ಬಂದು, "ನನ್ನ ಕೈಗೆ ಕೊಡು" ಎಂದ. ಅವಳು ಅವನ ಕೈ ನೋಡಿದಳು, ಅವನೂ ನೋಡಿಕೊಂಡ. "ಬೇಡ, ನೀನೇ ಎತ್ಕೋ. ನಾನು ಮೆಟ್ಟಿಲಲ್ಲಿ ನಿನ್ನ ಹಿಡ್ಕೋತೀನಿ" ಅಂದ.

ಡಾಕ್ಟರಮ್ಮ ಎಲ್ಲಾ ಕೇಳಿದರು. ಮೊದಲು ಕೇಳಿದ್ದು, "ಯಾವಾಗ ತಿರುಗಿ ಬಂತು ಜ್ವರ?" ಅಂತ. ಅಜ್ಜ ತಲೆ ತಗ್ಗಿಸಿ, "ನಿನ್ನೆ" ಅಂದ. ಅವರು ಬೈಯಲಿಲ್ಲ. ಹೊಟ್ಟೆ ಒತ್ತಿ ನೋಡಿ, ನರ್ಸಮ್ಮನ ಕೈಯಿಂದ ಒಂದು ಮುಚ್ಚಳದ ಲೋಟ ಕೊಡಿಸಿದರು. "ಸ್ವಲ್ಪ ಮೂತ್ರ ಬೇಕು. ಮೊದಲು ಒಂಚೂರು ಕೆಳಗೆ ಹೋಗಲಿ, ಆಮೇಲಿನದನ್ನ ಲೋಟಕ್ಕೆ ಹಿಡೀಬೇಕು."

ಹೇಳುವುದು ಸುಲಭ. ಹೊಯ್ದರೆ ಉರಿಯುತ್ತದೆ ಅಂತ ತಿಳಿದ ಮಗುವಿಗೆ ಹೊಯ್ಯಿ ಅಂದರೆ ಹೊಯ್ಯುತ್ತದೆಯೇ? ಕ್ಲಿನಿಕ್ಕಿನ ಪುಟ್ಟ ಬಚ್ಚಲುಮನೆಯಲ್ಲಿ ಮೂವರೂ ಸೇರಿದರು. ಅಜ್ಜಿ ಮಗುವನ್ನು ತೊಡೆಯ ಮೇಲೆ ಹಿಡಿದು ಕೂತಳು. ಅಜ್ಜ ಲೋಟ ಹಿಡಿದು ಮಂಡಿಯೂರಿದ. ನಲ್ಲಿ ಸಣ್ಣಗೆ ಬಿಟ್ಟರು. ಅಜ್ಜಿ ಸುಯ್ ಸುಯ್ ಅಂದಳು. ಅಜ್ಜನೂ ಸುಯ್ ಅಂದ. ಮಗು ಇಬ್ಬರ ಮುಖವನ್ನೂ ನೋಡಿ, "ನೀವು ಹೊಯ್ಯಿರಿ ಮೊದಲು" ಅಂತು.

ಆ ಸಂಕಟದ ನಡುವೆಯೂ ಅಜ್ಜಿಗೆ ನಗು ಒತ್ತರಿಸಿ ಬಂತು. ಅವಳು ಅಲುಗಾಡಿ ನಕ್ಕಿದ್ದಕ್ಕೆ ಮಗುವೂ ನಕ್ಕಿತು, ನಕ್ಕ ಭರದಲ್ಲಿ ಹಿಡಿದದ್ದು ಸಡಿಲವಾಯಿತು. "ಬಂತು, ಬಂತು, ಹಿಡೀರಿ!" ಅಜ್ಜ ಹಿಡಿದ. ಮಗು ಅತ್ತಿತು, ಅಜ್ಜಿ ಅದರ ನೆತ್ತಿಗೆ ತುಟಿಯೊತ್ತಿ, "ಆಯ್ತು ನನ್ನ ರಾಣಿ, ಆಯ್ತು, ಆಗೋಯ್ತು" ಅನ್ನುತ್ತಾ ತೂಗಿದಳು.

ಅಜ್ಜ ಗೆದ್ದು ಬಂದವನ ಹಾಗೆ ಲೋಟ ತಂದು ಮೇಜಿನ ಮೇಲಿಟ್ಟ. ನರ್ಸಮ್ಮ ಎತ್ತಿ ಬೆಳಕಿಗೆ ಹಿಡಿದು ಹಾಗೇ ನಿಂತುಬಿಟ್ಟರು.

"ಮೇಡಂ, ಇಷ್ಟು ವರ್ಷದ ಕೆಲಸದಲ್ಲಿ ನೀಲಿ ಮೂತ್ರ ಇದೇ ಮೊದಲು."

ಎಲ್ಲರೂ ಅಜ್ಜನ ಕೈ ನೋಡಿದರು. ಮಣಿಕಟ್ಟಿನಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ಅವನ ಮುಖ ಆಗ ಯಾವ ಬಣ್ಣಕ್ಕೆ ತಿರುಗಿತೋ, ಅದಕ್ಕೆ ಅವನಲ್ಲೇ ಹೆಸರಿರಲಿಲ್ಲ.

"ನೀವು ಆಚೆ ಕೂತ್ಕೊಳ್ಳಿ ಅಜ್ಜಾ" ಅಂದರು ಡಾಕ್ಟರಮ್ಮ, ನಗು ತಡೆದುಕೊಂಡು. "ಮಗೂಗೆ ನೀರು ಕುಡಿಸಿ. ಇನ್ನೊಂದು ಸಲ ಪ್ರಯತ್ನ ಮಾಡೋಣ. ಈ ಸಲ ಅಜ್ಜಿ ಹಿಡೀಲಿ, ಕೈ ಸೋಪು ಹಾಕಿ ತೊಳ್ಕೊಂಡು."

ಮತ್ತೆ ನೀರು, ಮತ್ತೆ ಕಾಯುವುದು. ಅಜ್ಜ ಜಿರಾಫೆಯ ಕೆಳಗಿನ ಬೆಂಚಿನಲ್ಲಿ ಕೈಗಳನ್ನು ತೊಡೆಯಿಂದ ದೂರ ಹಿಡಿದು, ಯಾರದೋ ಕೈಗಳನ್ನು ಕಾಯಲು ಕೂತವನ ಹಾಗೆ ಕೂತಿದ್ದ. ಕಾಯುತ್ತಿದ್ದ ಬೇರೆ ಮಕ್ಕಳು ಅವನನ್ನೇ ಬೆರಗಾಗಿ ನೋಡುತ್ತಿದ್ದವು. ಬಹಳ ಹೊತ್ತಿನ ಮೇಲೆ ಅಜ್ಜಿ ಎರಡನೇ ಲೋಟ ತಂದಳು.

ಡಾಕ್ಟರಮ್ಮ ಅದರಲ್ಲಿ ಒಂದು ತೆಳ್ಳನೆಯ ಪಟ್ಟಿ ಅದ್ದಿದರು. ಪಟ್ಟಿಯ ಮೇಲೆ ಸಾಲಾಗಿ ಪುಟ್ಟ ಪುಟ್ಟ ಬಣ್ಣದ ಚೌಕಗಳು. ಅದನ್ನು ಡಬ್ಬಿಯ ಮೇಲೆ ಅಚ್ಚಾಗಿದ್ದ ಬಣ್ಣಗಳ ಪಕ್ಕ ಹಿಡಿದರು. ಅಜ್ಜ ಬೆಂಚಿನಿಂದ ತಾನಾಗಿ ಎದ್ದು ಬಂದಿದ್ದ. ಬಿಳಿಯಾಗಿದ್ದ ಒಂದು ಚೌಕ ಅವನ ಕಣ್ಣೆದುರೇ ಗುಲಾಬಿಗೆ ತಿರುಗಿತು. ಇನ್ನೊಂದು ನೇರಳೆಗೆ ಹೋಯಿತು.

"ಮೂತ್ರದಲ್ಲಿ ಸೋಂಕು ಇದ್ದ ಹಾಗಿದೆ" ಅಂದರು ಡಾಕ್ಟರಮ್ಮ. "ಇದನ್ನ ದೊಡ್ಡ ಲ್ಯಾಬಿಗೂ ಕಳಿಸಿ ಖಚಿತ ಮಾಡ್ಕೋತೀನಿ. ಆದರೆ ಔಷಧಿ ಈಗಲೇ ಶುರು ಮಾಡೋಣ."

"ಹಾಗಾದರೆ ಮೂಗಿನ ಪರೀಕ್ಷೆ ಸುಳ್ಳು ಹೇಳ್ತಾ?" ಅಜ್ಜನ ದನಿ ಸಣ್ಣದಾಗಿತ್ತು.

"ಸುಳ್ಳಲ್ಲ. ಮೂಗನ್ನ ಕೇಳಿದ್ವಿ, ಮೂಗಿನ ಸುದ್ದಿ ಹೇಳ್ತು. ಕಿಡ್ನಿ ಸುದ್ದಿ ಅದಕ್ಕೇನು ಗೊತ್ತು? ಕೆಲವು ದಿನದ ಹಿಂದೆ ಇವಳಿಗೆ ನೆಗಡಿ ಆಗಿತ್ತಾ?"

"ಆಗಿತ್ತು" ಅಂದಳು ಅಜ್ಜಿ. "ನಮ್ಮ ಮನೆಗೆ ಬರೋಕೆ ಮುಂಚೆ."

"ಆ ನೆಗಡಿಯ ತುಣುಕು ಮೂಗಲ್ಲಿ ವಾರಗಟ್ಟಲೆ ಇರಬಹುದು, ಪರೀಕ್ಷೆ ಅದಕ್ಕೂ ಹೌದು ಅನ್ನುತ್ತೆ. ಇಲ್ಲಾ, ಎರಡೂ ಒಟ್ಟಿಗೇ ಬಂದಿರಬಹುದು. ಮಕ್ಕಳ ಮೈಗೆ ಒಂದು ಸಲಕ್ಕೆ ಒಂದೇ ಕಾಯಿಲೆ ಅಂತ ಕಾನೂನಿಲ್ಲವಲ್ಲ."

ಅಜ್ಜಿಗೆ ಒಂದು ಮಾತು ಕೇಳದೆ ಇರಲು ಆಗಲಿಲ್ಲ. "ಭಾನುವಾರ ಮಗೂನ ಅಮ್ಮನಿಂದ ಸುಮ್ಮನೆ ದೂರ ಇಟ್ಟೆವಾ ಹಾಗಾದರೆ?"

ಡಾಕ್ಟರಮ್ಮ ತಲೆಯಾಡಿಸಿದರು. "ಇಲ್ಲಮ್ಮ. ಅದು ಸರಿಯಾಗೇ ಮಾಡಿದಿರಿ. ಆ ವಾರ್ಡಿನಲ್ಲಿ ಎಷ್ಟು ಹಸಿ ಕೂಸುಗಳಿರ್ತವೆ. ಆ ಕೆಲಸಕ್ಕೆ ಪರೀಕ್ಷೆ ಬೇಕಿತ್ತು, ಆ ಕೆಲಸ ಅದು ಮಾಡ್ತು. ಮನೆಲಿ ಉಳಿದಿದ್ದ ಹಳೇ ಔಷಧಿ ಏನಾದರೂ ಹಾಕಿದ್ರಾ?"

"ಪಕ್ಕದವಳು ತಂದಿದ್ದಳು. ಇವರು ಬೇಡ ಅಂದರು."

"ಒಳ್ಳೇದಾಯ್ತು. ಹಾಕಿದ್ದರೆ ಸೋಂಕು ಅರ್ಧ ಸತ್ತು, ಅರ್ಧ ಅವಿತುಕೊಂಡು ನಮಗೆ ಸಿಕ್ತಾ ಇರಲಿಲ್ಲ." ಅಜ್ಜನ ಕಡೆ ತಿರುಗಿದರು. "ನೋಡಿ, ಅಷ್ಟರ ಮಟ್ಟಿಗೆ ನಿಮ್ಮ ಹಟವೂ ಉಪಯೋಗಕ್ಕೆ ಬಂತು."

ಅಜ್ಜ ಅದಕ್ಕೆ ಹಿಗ್ಗಲಿಲ್ಲ. "ನಾನು ಬೇರೆ ಲಡಿ ನೋಡ್ತಾ ಕೂತಿದ್ದೆ ತಾಯಿ" ಅಂದ.

ಮನೆಗೆ ಬಂದಾಗ ಕೊಪ್ಪರಿಗೆ ತಣ್ಣಗಾಗಿತ್ತು. ನೂಲು ನೋಡುವ ಹಾಗಿರಲಿಲ್ಲ. ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ಮಾಸಿದ ಆಕಾಶ. ಅಜ್ಜ ಆಮೇಲೆ ಒಂದು ದಿನ ಅದನ್ನೆಲ್ಲಾ ಕಪ್ಪಿಗೆ ಅದ್ದಿ ಬೇರೆಯವರಿಗೆ ಕೊಟ್ಟ, ಶಾಲೆಯವರಿಗೆ ಹೊಸ ನೂಲು ಹಾಕಿದ. ಅವತ್ತು ಮಾತ್ರ ಅವನು ಮೊದಲು ಮಾಡಿದ ಕೆಲಸ ಮೊಳೆಯಿಂದ ಚೀಟಿ ಬಿಚ್ಚಿ ಡ್ರಾಯರಿಗೆ ಹಾಕಿದ್ದು. ಎರಡನೆಯದು ನಿಂಬೆಹುಳಿ, ಸೋಪು, ಇಟ್ಟಿಗೆ ಪುಡಿ ಹಾಕಿ ಕೈ ತಿಕ್ಕಿದ್ದು. ನೀಲಿ ಪೂರ್ತಿ ಬಿಡಲಿಲ್ಲ. ಹಾಗೇ ಕೂತು ಮಗುವಿಗೆ ಔಷಧಿ ಕುಡಿಸಿದ.

"ನಿನ್ನ ಕೈ ಯಾಕೆ ಆನೆ ಕೈ ಥರ ಇದೆ?" ಅಂತು ಮಗು.

"ಆನೆಗೆ ಕೈ ಎಲ್ಲಿದೆ?"

"ನಿಂಗೊತ್ತಿಲ್ಲ. ಇದೆ."

"ಇರಬಹುದು ತಾಯಿ. ನನಗೆ ಗೊತ್ತಿಲ್ಲದ್ದು ಬಹಳ ಇದೆ" ಅಂದ ಅಜ್ಜ. ಅಜ್ಜಿ ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಎರಡು ದಿನದಲ್ಲಿ ಜ್ವರ ಬಿಟ್ಟಿತು, ಈ ಸಲ ನಿಜವಾಗಿ ಬಿಟ್ಟಿತು. ಮಗು ಬಚ್ಚಲಿಗೆ ತಾನೇ ಓಡಿಹೋಗಿ, "ಉರಿ ಇಲ್ಲಾ!" ಎಂದು ಬೀದಿಗೆಲ್ಲಾ ಕೇಳುವ ಹಾಗೆ ಕೂಗಿತು. ಗುಂಡಿ ಅಂಗಡಿಯವಳು ಅಲ್ಲಿಂದಲೇ, "ಸಂತೋಷ ಕಣಮ್ಮಾ!" ಎಂದು ಉತ್ತರ ಕೊಟ್ಟಳು.

ಸಂಜೆ ಮಗಳಿಗೆ ಫೋನು ಮಾಡಿದವನು ಅಜ್ಜನೇ. ಅಜ್ಜಿ ಪಕ್ಕದಲ್ಲಿ ಕೂತಿದ್ದಳು. ಬಸುರಿಗೆ ಇದನ್ನೆಲ್ಲಾ ಯಾಕೆ ಹೇಳಬೇಕು ಅಂತ ಅವಳ ಲೆಕ್ಕ. ಅಜ್ಜ ಹೇಳಿದ. ಮೂಗು, ಚೀಟಿ, ಹೊಟ್ಟೆನೋವು, ಲೋಟ, ಒಂದೂ ಬಿಡದೆ.

"ನಿಮ್ಮಮ್ಮ ಎರಡು ಸಲ ಹೇಳಿದಳು. ನಾನು ಕೇಳಲಿಲ್ಲ. ಒಂದು ಹಗಲು ತಡ ಆಯ್ತು ಮಗಳೇ. ನಿನ್ನ ಮಗೂಗೆ ನೋವಾಯ್ತು."

ಮಗಳು ಕೇಳಿದಳು, "ಅಪ್ಪಾ, ಅಮ್ಮ ಇಳಿದ ನೂಲು ಬಿಟ್ಟು ಹೋದಳಾ?"

"ಹೂಂ."

"ನಿಜವಾಗ್ಲೂ?"

"ಏಪ್ರನ್ನು ಎಸೆದು ಹೋದಳು."

ಮಗಳು ನಕ್ಕಳೋ ಅತ್ತಳೋ, ಫೋನಿನಲ್ಲಿ ಗೊತ್ತಾಗಲಿಲ್ಲ. "ಅಮ್ಮನ ಕೈಗೆ ಕೊಡಪ್ಪ" ಅಂದಳು. ಅಜ್ಜಿ ಫೋನು ತಗೊಂಡಳು. ತಾಯಿ ಮಗಳು ಸ್ವಲ್ಪ ಹೊತ್ತು ಒಬ್ಬರ ಉಸಿರು ಒಬ್ಬರು ಕೇಳುತ್ತಾ ಕೂತಿದ್ದರು.

ಮುಂದಿನ ವಾರ ಹೆರಿಗೆಯಾಯಿತು. ಗಂಡುಕೂಸು, ತಾಯಿ ಮಗು ಇಬ್ಬರೂ ಕ್ಷೇಮ. ಚಿಟಿಕೆಯ ಔಷಧಿ ಮುಗಿಯಿತು. ಡಾಕ್ಟರಮ್ಮ ಮತ್ತೊಮ್ಮೆ ಪರೀಕ್ಷಿಸಿ, ಕೆಮ್ಮಿಲ್ಲ, ಸೀನಿಲ್ಲ, ಜ್ವರವಿಲ್ಲ, ತಮ್ಮನನ್ನು ನೋಡಲು ಹೋಗಬಹುದು ಅಂದರು. ಮೂಗಿಗೆ ಇನ್ನೊಂದು ಸಲ ಕಡ್ಡಿ ಹಾಕಿ ನೋಡಬೇಕೇ ಎಂದು ಅಜ್ಜ ಕೇಳಲಿಲ್ಲ. ಬೇಕಾಗಿಲ್ಲ ಎಂದು ಡಾಕ್ಟರಮ್ಮನೇ ಹೇಳಿದರು. ಹೋಗುವುದಕ್ಕೆ ಮುಂಚೆ ಕೈ ತೊಳೆಸಿದರೆ ಸಾಕು ಅಂದರು.

ಬಾಣಂತಿ, ಕೂಸು ಆಸ್ಪತ್ರೆಯಿಂದ ಮನೆ ಸೇರಿದ ಮೇಲೆ ಅಳಿಯ ರಜೆ ಹಾಕಿ ಮಗುವನ್ನು ಕರೆದೊಯ್ಯಲು ಬಂದ. ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬಿಯಾಗಿತ್ತು. ಒಳಗೆ ಕೊಪ್ಪರಿಗೆ ಕುದಿಯುತ್ತಿತ್ತು, ಶಾಲೆಯ ಹೊಸ ನೂಲು ಇಳಿಯಲು ಸಿದ್ಧವಾಗಿತ್ತು. ಅಜ್ಜಿ ಮಗುವಿನ ಬೂಟಿನ ಲೇಸು ಕಟ್ಟುತ್ತಿದ್ದಳು.

"ನೀನೂ ಬಾ" ಅಂತು ಮಗು.

"ಕೆಲಸ ಬಿಟ್ಟು ಹೇಗೆ ಬರಲಿ ಕಂದಾ?"

"ಅವತ್ತು ಬಿಟ್ಟು ಬಂದೆಯಲ್ಲ?"

ಅಜ್ಜಿ ಲೇಸು ಹಿಡಿದುಕೊಂಡೇ ತಲೆಯೆತ್ತಿ ಗಂಡನನ್ನು ನೋಡಿದಳು. ಬಾಣಂತಿ ಮನೆಯಲ್ಲಿ ಕೈ ಒದಗುವವರು ಯಾರೂ ಇಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಅಜ್ಜ ಕೋಲು ಕೆಳಗಿಟ್ಟು, ಬಾಗಿಲ ಹಿಂದೆ ತೂಗುಹಾಕಿದ್ದ ಅವಳ ಶಾಲು ತಂದು ಹೆಗಲ ಮೇಲೆ ಹೊದಿಸಿದ.

"ಗುಂಡಿ ಅಂಗಡಿಯವಳನ್ನ ಕರೀತೀನಿ ಲಡಿ ತಿರುಗಿಸೋಕೆ. ಬುದ್ಧಿ ಹೇಳ್ತಾ ಹೇಳ್ತಾ ತಿರುಗಿಸ್ತಾಳೆ, ಏನು ಮಾಡೋದು, ಕೇಳ್ತೀನಿ" ಅಂದ. "ಹೋಗು. ಮಗಳಿಗೆ ನೀನು ಬೇಕು."

ಬಸ್ಸು ನಿಲ್ಲುವ ಕಡೆಗೆ ಮೂವರೂ ನಡೆದರು. ನಡುವೆ ಚಿಟಿಕೆ, ಒಂದು ಕೈ ಅಪ್ಪನಿಗೆ, ಒಂದು ಕೈ ಅಜ್ಜಿಗೆ. ಅಜ್ಜ ಬಾಗಿಲಲ್ಲೇ ನಿಂತು, ಅವರು ತಿರುವು ದಾಟುವವರೆಗೂ ನೋಡಿ ಒಳಗೆ ಹೋದ. ಮೊಮ್ಮಗಳೂ ಅಜ್ಜಿಯೂ ಆ ಮನೆಯಿಂದ ಹೊರಟದ್ದು ಗುರುವಾರ, ಮಧ್ಯಾಹ್ನಕ್ಕೆ ಮುಂಚೆ.